ಬೇಸ್‌ಮೆಂಟ್‌ನಲ್ಲಿ ಎರಡಡಿ ಮಳೆ ನೀರು, ಪಂಪ್ ಇಂಜಿನ್ ಓಡುತ್ತಿದೆ ಆದ್ರೆ ನೀರು ಎಳೆಯುತ್ತಿಲ್ಲ

ಹೊರಮಾವು_ಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ಬೆಂಗಳೂರಿನ ಹೊರಮಾವು ಕಡೆ ನಮ್ಮದು ಹನ್ನೆರಡು ಮನೆಗಳ ಸಣ್ಣ ಅಪಾರ್ಟ್‌ಮೆಂಟ್. ನಿನ್ನೆ ರಾತ್ರಿ ಮಳೆಗೆ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಎರಡಡಿ ನೀರು ನಿಂತಿದೆ. ಜಾಗ ಸುಮಾರು 60 ಅಡಿ ಉದ್ದ, 40 ಅಡಿ ಅಗಲ. ಹೋದ ವರ್ಷ ಹೀಗೇ ಆದಾಗ ಎಲ್ಲರೂ ದುಡ್ಡು ಹಾಕಿ ಮೂರು ಇಂಚಿನ ಪೆಟ್ರೋಲ್ ಇಂಜಿನ್ ಪಂಪ್ ತಂದಿದ್ದೆವು. ಆಗ ಚೆನ್ನಾಗಿ ಕೆಲಸ ಮಾಡಿತ್ತು, ಆಮೇಲೆ ಮೆಟ್ಟಿಲ ಕೆಳಗೆ ಇಟ್ಟವರು ಇವತ್ತೇ ಹೊರಗೆ ತೆಗೆದಿದ್ದು.

ಹಗ್ಗ ಎಳೆದೂ ಎಳೆದೂ ನಮ್ಮ ಯಜಮಾನರಿಗೆ ಭುಜ ನೋವು ಬಂತು. ಕೊನೆಗೆ ಸ್ಟಾರ್ಟ್ ಆಯಿತು, ಆದ್ರೆ ಐದು ನಿಮಿಷ ಓಡಿದರೂ ಒಂದು ಹನಿ ನೀರು ಬರಲಿಲ್ಲ. ಪಂಪ್ ಮೈ ಬಿಸಿಯಾಯಿತು ಅಂತ ಆಫ್ ಮಾಡಿದ್ದೇವೆ. ಮೇಲಿನ ಬಿರಡೆ ತೆಗೆದು ಒಂದು ಚೊಂಬು ನೀರು ಹಾಕಿದ್ದೆವು. ಈಗ ಪಂಪ್ ಇರುವುದು ರ‍್ಯಾಂಪ್ ಮೇಲೆ, ಗೇಟ್ ಹತ್ತಿರ. ನೀರಿನ ಹತ್ತಿರ ಇದ್ದರೆ ಎಳೆಯಬಹುದು ಅಂತ ಬೇಸ್‌ಮೆಂಟ್ ಒಳಗೇ ಇಳಿಸೋಣ ಅಂದುಕೊಂಡಿದ್ದೇವೆ. ಅದು ಸರೀನಾ?

ವೈರ್‌ಮನ್_ತುಮಕೂರು

ಅಕ್ಕ, ಮೊದಲು ಇದನ್ನು ಓದಿ. ಇಂಜಿನ್ ಒಳಗೆ ಇಳಿಸಲೇಬೇಡಿ. ಪೆಟ್ರೋಲ್ ಇಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸುಮ್ನೆ ತಲೆನೋವು ಅನ್ನಿಸುತ್ತದೆ, ಆಮೇಲೆ ಎದ್ದು ಬರುವ ಶಕ್ತಿಯೇ ಇರಲ್ಲ. ರ‍್ಯಾಂಪ್ ಕಡೆ ಓಪನ್ ಇದೆಯಲ್ಲ, ಗಾಳಿ ಆಡುತ್ತೆ ಅಂತ ನಂಬಬೇಡಿ. ಮೇಲೇ ಇರಲಿ. ಹೊಗೆ ಕೊಳವೆ ರಸ್ತೆ ಕಡೆ ತಿರುಗಿರಲಿ, ಮನೆ ಕಿಟಕಿ ಕಡೆ ಬೇಡ.

ಎರಡನೆಯದು ಕರೆಂಟ್. ನಿಮ್ಮ ಮೀಟರ್ ಬೋರ್ಡ್ ಎಲ್ಲಿದೆ? ಎಷ್ಟೋ ಕಟ್ಟಡಗಳಲ್ಲಿ ಅದನ್ನು ಬೇಸ್‌ಮೆಂಟ್‌ನಲ್ಲೇ ಕೂರಿಸಿರುತ್ತಾರೆ. ಹಾಗಿದ್ದರೆ ಯಾರೂ ನೀರಿಗೆ ಕಾಲಿಡಬಾರದು, ಮೇನ್ ಆಫ್ ಮಾಡುತ್ತೇನೆ ಅಂತಲೂ ಇಳಿಯಬಾರದು. ಬೆಸ್ಕಾಂ 1912ಕ್ಕೆ ಫೋನ್ ಮಾಡಿ ಹೊರಗಿನಿಂದಲೇ ಸಪ್ಲೈ ತೆಗೆಸಿ. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಲೇಔಟ್‌ನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಹೀಗೇ ಮೋಟಾರ್ ಹಾಕಿ ನೀರು ತೆಗೆಯಲು ಹೋಗಿ ಕರೆಂಟ್ ಹೊಡೆದು ಇಬ್ಬರು ಹೋದರು, ಒಬ್ಬ ಹನ್ನೆರಡು ವರ್ಷದ ಹುಡುಗ. ಆ ಸುದ್ದಿ ಓದಿದ ಮೇಲೆ ನಾನು ಎಲ್ಲೇ ಹೋದರೂ ಇದನ್ನು ಹೇಳದೆ ಬರಲ್ಲ. ಯಾರಾದರೂ ಕರೆಂಟಿನ ಮೋಟಾರ್ ಬಾಡಿಗೆಗೆ ತಂದುಕೊಟ್ಟರೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಸಪ್ಲೈ ಕಡಿಯುವ ಸ್ವಿಚ್) ಇಲ್ಲದೆ ಹಾಕಬೇಡಿ, ವೈರ್‌ನಲ್ಲಿ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ವಾಪಸ್ ಕಳಿಸಿ.

ಹೊರಮಾವು_ಮನೆ

ಒಳ್ಳೇದಾಯ್ತು ಕೇಳಿದ್ದು. ಮೀಟರ್ ಬೋರ್ಡ್ ಗ್ರೌಂಡ್ ಫ್ಲೋರ್‌ನಲ್ಲಿದೆ, ಮೇನ್ ಆಫ್ ಮಾಡಿದ್ದೇವೆ. ಪಂಪ್ ಇಳಿಸಲ್ಲ. ಆದ್ರೆ ಮೇಲಿಂದ ನೀರು ಬರುತ್ತಾ?

ಗದ್ದೆ_ಬಯಲು

ಬರುತ್ತೆ, ಯಾಕೆ ಬರಲ್ಲ. ಲೆಕ್ಕದಲ್ಲಿ ಯಾವ ಪಂಪೂ ಹತ್ತು ಮೀಟರ್ ಮೇಲೆ ಎಳೆಯಲ್ಲ, ಬೆಂಗಳೂರು ಎತ್ತರದಲ್ಲಿ ಇರೋದರಿಂದ ಇನ್ನೂ ಸ್ವಲ್ಪ ಕಡಿಮೆ. ಆರು ಮೀಟರ್ ತನಕ ಯೋಚನೆ ಇಲ್ಲ. ನಿಮ್ಮ ಬೇಸ್‌ಮೆಂಟ್ ಹತ್ತು ಹನ್ನೆರಡು ಅಡಿ ಆಳ ಇರಬಹುದು ಅಷ್ಟೇ ಅಲ್ವಾ, ಅಂದ್ರೆ ನಾಲ್ಕು ಮೀಟರ್ ಒಳಗೆ.

ನಿಮ್ಮ ತೊಂದರೆ ಎರಡೇ. ಒಂದು, ಚೊಂಬು ನೀರು ಸಾಲಲ್ಲ. ಮೂರು ಇಂಚಿನ ಪಂಪಿನ ಹೊಟ್ಟೆಗೆ ಲೀಟರುಗಟ್ಟಲೆ ನೀರು ಹಿಡಿಯುತ್ತೆ, ಬಿರಡೆ ಬಾಯಿಗೆ ಬಂದು ತುಳುಕುವ ತನಕ ಹಾಕಿ. ಒಣಗಿದ ಪಂಪ್ ಓಡಿಸಿದರೆ ಒಳಗಿನ ಸೀಲ್ ಸುಟ್ಟು ಹೋಗುತ್ತೆ, ಅದು ಹೋದರೆ ಇವತ್ತಿನ ಕೆಲಸ ನಿಂತ ಹಾಗೆ. ಎರಡು, ಎಳೆಯುವ ಪೈಪ್ ಎಲ್ಲೋ ಗಾಳಿ ಕುಡಿಯುತ್ತಿದೆ. ನೀರು ಹೊರಗೆ ಬಿಡುವ ಪೈಪ್ ಸೋರಿದರೆ ಕಣ್ಣಿಗೆ ಕಾಣುತ್ತೆ, ಎಳೆಯುವ ಪೈಪ್ ಸೋರಿದರೆ ಏನೂ ಕಾಣಲ್ಲ, ನೀರು ಬರಲ್ಲ ಅಷ್ಟೇ.

ಪರೀಕ್ಷೆ ಹೀಗೆ ಮಾಡಿ. ಎಳೆಯುವ ಪೈಪ್ ಬಿಚ್ಚಿ, ಪಂಪ್ ತುಂಬಾ ನೀರು ಹಾಕಿ, ಇಂಜಿನ್ ಸಣ್ಣಗೆ ಓಡಿಸಿ, ಪಂಪಿನ ಬಾಯಿಗೆ ಅಂಗೈ ಅಡ್ಡ ಹಿಡಿಯಿರಿ. ಬೆರಳು ಒಳಗೆ ಹೋಗಬಾರದು, ಅಂಗೈ ಮಾತ್ರ. ಅಂಗೈ ಹೀರಿಕೊಂಡರೆ ಪಂಪ್ ಗಟ್ಟಿ ಇದೆ, ದೋಷ ಪೈಪಿನದು. ಆಗ ಜಾಯಿಂಟ್ ಬಿಚ್ಚಿ ಒಳಗಿನ ರಬ್ಬರ್ ವಾಷರ್ ನೋಡಿ. ಒಂದು ವರ್ಷ ಹಾಗೇ ಬಿಟ್ಟರೆ ಒಣಗಿ ಬಿರುಕು ಬಿಡುತ್ತೆ. ಅಂಗಡಿ ಮುಚ್ಚಿದ್ದರೆ ಹಳೆ ಸೈಕಲ್ ಟ್ಯೂಬ್ ಎರಡು ಬೆರಳಗಲ ಕತ್ತರಿಸಿ, ಎಳೆದು ಎಳೆದು ಜಾಯಿಂಟ್ ಮೇಲೆ ಒಂದರ ಮೇಲೊಂದು ಸುತ್ತಿ. ನಮ್ಮ ನಾಲೆ ಬದಿಯ ಪಂಪ್‌ಸೆಟ್ ಎರಡು ಬೇಸಿಗೆ ಹಾಗೇ ಓಡಿದೆ.

ಪೈಪಿನ ತುದಿಗೆ ಜಾಲರಿ ಇದೆ ತಾನೇ? ಅದನ್ನು ನೆಲಕ್ಕೆ ತಾಗಿಸಬೇಡಿ, ತೂತಿರುವ ಪ್ಲಾಸ್ಟಿಕ್ ಬುಟ್ಟಿಯೊಳಗೆ ಇಡಿ. ಪಾರ್ಕಿಂಗ್ ನೀರಲ್ಲಿ ಕವರ್, ಎಲೆ, ಬಟ್ಟೆ ಚೂರು ಎಲ್ಲ ತೇಲುತ್ತೆ, ಒಂದು ಹಾಲಿನ ಕವರ್ ಸಾಕು ಜಾಲರಿ ಮುಚ್ಚೋಕೆ.

ಹೊರಮಾವು_ಮನೆ

ಬಂತು! ಬಂತು! ಅಂಗೈ ಪರೀಕ್ಷೆ ಮಾಡಿದಾಗ ಚೆನ್ನಾಗಿ ಹೀರಿಕೊಂಡಿತು. ಜಾಯಿಂಟ್ ಬಿಚ್ಚಿದರೆ ವಾಷರ್ ಹಪ್ಪಳದ ಹಾಗೆ ಮುರಿದು ಕೈಗೆ ಬಂತು. ಪಕ್ಕದ ಮನೆ ಹುಡುಗ ಟ್ಯೂಬ್ ಕೊಟ್ಟ, ಸುತ್ತಿದೆವು. ಎರಡು ನಿಮಿಷ ಬರೀ ಗಾಳಿ ಬಂತು, ಆಮೇಲೆ ಪೈಪ್ ಒಂದು ಸಲ ಒದರಿ ಕಂದು ನೀರು ರಭಸವಾಗಿ ಬಂತು. ಎಷ್ಟು ಹೊತ್ತು ಹಿಡಿಯಬಹುದು?

ಇಂಜಿನ್_ರಿಪೇರಿ

ನಿಮ್ಮ ಅಳತೆಗೆ 4,800 ಘನ ಅಡಿ, ಅಂದ್ರೆ ಸುಮಾರು 1.36 ಲಕ್ಷ ಲೀಟರ್. ಮೂರು ಇಂಚಿನ ಪಂಪಿನ ಡಬ್ಬಿ ಮೇಲೆ ನಿಮಿಷಕ್ಕೆ ಸಾವಿರ ಲೀಟರ್ ಅಂತ ಬರೆದಿದ್ದರೂ ಈ ಎತ್ತರಕ್ಕೆ, ಇಷ್ಟು ಪೈಪಿಗೆ 500-600 ಸಿಕ್ಕರೆ ಹೆಚ್ಚು. ನಾಲ್ಕು ಗಂಟೆ ಅಂದುಕೊಳ್ಳಿ. ಆದ್ರೆ ಒಂದೇ ಉಸಿರಿಗೆ ಪೂರ್ತಿ ಖಾಲಿ ಮಾಡಬೇಡಿ. ಸುತ್ತಲಿನ ಮಣ್ಣೂ ನೀರು ಕುಡಿದಿರುತ್ತೆ, ಒಳಗಿನ ನೀರು ಹೋದ ಮೇಲೆ ಹೊರಗಿನ ಒತ್ತಡ ಗೋಡೆ ಮೇಲೆ ಬೀಳುತ್ತೆ. ಒಂದಡಿ ಇಳಿಸಿ, ಗೋಡೆಗೆ ಗುರುತು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ನೀರು ಮತ್ತೆ ಗುರುತು ದಾಟಿದರೆ ಹೊರಗಿನಿಂದ ಬರುತ್ತಿದೆ ಅಂತ ಅರ್ಥ, ಆಗ ಕಾಯಬೇಕು. ಬಿಡುವ ನೀರು ಮಳೆ ನೀರಿನ ಮೋರಿಗೆ ಹೋಗಲಿ, ಒಳಚರಂಡಿ ಮ್ಯಾನ್‌ಹೋಲಿಗೆ ಬೇಡ, ಅದು ಕೆಳಗಿನವರ ಬಚ್ಚಲಲ್ಲಿ ಮೇಲೆದ್ದು ಬರುತ್ತೆ. ಪೆಟ್ರೋಲ್ ಹಾಕುವಾಗ ಇಂಜಿನ್ ನಿಲ್ಲಿಸಿ, ತಣ್ಣಗಾಗಲು ಬಿಡಿ. ಆತುರಕ್ಕೆ ಬಿಸಿ ಸೈಲೆನ್ಸರ್ ಮೇಲೆ ಚೆಲ್ಲಿ ಬೆಂಕಿ ಹತ್ತಿದ್ದನ್ನು ನಾನೇ ನೋಡಿದ್ದೇನೆ.

ಕೆಲಸ ಮುಗಿದ ದಿನವೇ ಮಾಡಬೇಕಾದ್ದು ಇದೆ, ನಾಳೆ ಅಂತ ಬಿಡಬೇಡಿ. ಒಂದು ಡ್ರಮ್ ಚೊಕ್ಕ ನೀರು ಎಳೆಸಿ ಪಂಪ್ ತೊಳೆಯಿರಿ, ಕೆಳಗಿನ ಬೋಲ್ಟ್ ಬಿಚ್ಚಿ ಪೂರ್ತಿ ಬಸಿಯಿರಿ. ಹೂಳು ಒಳಗೇ ಒಣಗಿದರೆ ಇಂಪೆಲ್ಲರ್, ಅಂದ್ರೆ ನೀರು ತಳ್ಳುವ ಚಕ್ರ, ಹಿಡಿದುಕೊಂಡು ಮುಂದಿನ ಸಲ ಹಗ್ಗ ಅಲುಗಾಡಲ್ಲ. ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥೆನಾಲ್ ಇರುತ್ತೆ, ಅದು ಗಾಳಿಯ ತೇವ ಹೀರುತ್ತೆ. ತಿಂಗಳುಗಟ್ಟಲೆ ನಿಂತರೆ ಕಾರ್ಬೊರೇಟರ್ ಒಳಗೆ ಅಂಟು ಕಟ್ಟುತ್ತೆ. ನಿಮ್ಮ ಯಜಮಾನರ ಭುಜ ನೋವಿಗೆ ಬಹುಶಃ ಅದೇ ಕಾರಣ. ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಉಳಿದದ್ದನ್ನೂ ಬಿಡಿ. ಏರ್ ಫಿಲ್ಟರ್ ಸ್ಪಂಜ್ ಸೋಪಿನಲ್ಲಿ ತೊಳೆದು ಒಣಗಿಸಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಆ ಆಯಿಲ್‌ನಲ್ಲಿ ಮತ್ತೆ ಓಡಿಸಬೇಡಿ. ಕೊನೆಗೆ ಹಗ್ಗ ನಿಧಾನಕ್ಕೆ ಎಳೆದು ಕೈಗೆ ಬಿಗಿ ಸಿಕ್ಕ ಕಡೆ ನಿಲ್ಲಿಸಿ ಇಡಿ, ವಾಲ್ವ್ ಮುಚ್ಚಿರುತ್ತೆ, ಒಳಗೆ ತೇವ ಹೋಗಲ್ಲ.

ಮಳೆಗಾಲಕ್ಕೆ ಮುಂಚೆ ತಿಂಗಳಿಗೊಂದು ಸಲ ಡ್ರಮ್‌ನಿಂದ ನೀರು ಎಳೆದು ಅದೇ ಡ್ರಮ್‌ಗೆ ಬಿಡುವ ಹಾಗೆ ಐದು ನಿಮಿಷ ಓಡಿಸಿ ನೋಡಿ.

ಹೊರಮಾವು_ಮನೆ

ಒಂದಡಿ ಇಳಿದಿದೆ, ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇವೆ, ಅರ್ಧ ಗಂಟೆಯಿಂದ ಮೇಲೆ ಬಂದಿಲ್ಲ. ಇನ್ನೊಂದು ಡೌಟ್: ಕುಡಿಯುವ ನೀರಿನ ಸಂಪಿನ ಮುಚ್ಚಳವೂ ಮುಳುಗಿತ್ತು. ಅದನ್ನೂ ಇದೇ ಪಂಪ್‌ನಲ್ಲಿ ಖಾಲಿ ಮಾಡಬಹುದಾ?

ಇಂಜಿನ್_ರಿಪೇರಿ

ಮಾಡಬಹುದು, ಪಂಪ್ ತೊಳೆದು ಆಮೇಲೆ. ಸಂಪಿನೊಳಗೆ ಯಾರೂ ಇಳಿಯಬೇಡಿ, ಪೈಪ್ ಮಾತ್ರ ಇಳಿಸಿ. ಪೂರ್ತಿ ಹೊರಗೆ ಹಾಕಿಸಿ, ಸಂಪು ತೊಳೆಯುವವರನ್ನು ಕರೆದು ಉಜ್ಜಿಸಿ, ಬ್ಲೀಚಿಂಗ್ ಪುಡಿ ಹಾಕಿಸಿ. ಅಲ್ಲಿಯ ತನಕ ಕ್ಯಾನ್ ನೀರೇ ಕುಡಿಯಿರಿ, ಮೇಲಿನ ಟ್ಯಾಂಕಿಗೆ ಮೋಟಾರ್ ಹಾಕಬೇಡಿ ಅಂತ ಎಲ್ಲಾ ಮನೆಗೂ ಈಗಲೇ ಹೇಳಿಬಿಡಿ.