ಫ್ರೆಡ್ ವಿಲಿಯಮ್ಸನ್: ಆಟದ ಹೆಸರೋ, ಸಿನಿಮಾದ ಕಸುಬೋ?

ಪ್ರಶ್ನೆ:
ಅಮೆರಿಕನ್ ಫುಟ್‌ಬಾಲ್‌ನಲ್ಲಿ (ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಆ ಆಟಕ್ಕೆ ಈ ಹೆಸರೇಕೋ!) ‘ಹ್ಯಾಮರ್’ ಎಂದೇ ಪರಿಚಿತರಾಗಿದ್ದ ಫ್ರೆಡ್ ವಿಲಿಯಮ್ಸನ್, 1970ರ ದಶಕದಲ್ಲಿ ನಾಯಕನಟರಾದರಲ್ಲದೆ ತಾವೇ ಚಿತ್ರಗಳನ್ನು ನಿರ್ದೇಶಿಸತೊಡಗಿದರು. ಅವರ ಕೈಹಿಡಿದದ್ದು ಮೈದಾನದ ಖ್ಯಾತಿಯೋ ಅಥವಾ ಚಿತ್ರ ಮಾಡುವ ಬುದ್ಧಿಯೋ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ಬಾಗಿಲು ತೆರೆಸಿದ್ದು ಖ್ಯಾತಿಯೇ. 1967ರ ಜನವರಿಯಲ್ಲಿ ನಡೆದ ಮೊದಲ ಸೂಪರ್ ಬೌಲ್‌ಗೆ (ಅಮೆರಿಕನ್ ಫುಟ್‌ಬಾಲ್‌ನ ಅಂತಿಮ ಪಂದ್ಯ) ಮುನ್ನ, ಎದುರಾಳಿಗಳನ್ನು ತಮ್ಮ ಮುಂಗೈಯ ‘ಸುತ್ತಿಗೆ’ ಏಟಿನಿಂದ ಕೆಡವುವುದಾಗಿ ಕೊಚ್ಚಿಕೊಂಡಿದ್ದ ಅವರು ಪಂದ್ಯದಲ್ಲಿ ತಾವೇ ಗಾಯಗೊಂಡು ಹೊರನಡೆಯಬೇಕಾಯಿತು. ಅವರ ಕಾನ್ಸಾಸ್ ಸಿಟಿ ತಂಡ ಗ್ರೀನ್ ಬೇ ಎದುರು 35–10ರಿಂದ ಸೋತಿತು. ಆದರೂ ಸೋತ ತಂಡದಲ್ಲಿ ಜನರ ನೆನಪಿನಲ್ಲಿ ಉಳಿದವರು ಅವರೇ. 1970ರ ‘ಮ್ಯಾಷ್’ ಚಿತ್ರದಲ್ಲಿ ಸಿಕ್ಕ ಪಾತ್ರವೂ, ಸೇನಾ ಆಸ್ಪತ್ರೆಯವರು ಪಂದ್ಯ ಗೆಲ್ಲಲೆಂದು ಕರೆಸಿಕೊಳ್ಳುವ ಮಾಜಿ ಆಟಗಾರ ವೈದ್ಯನದೇ.

ಉತ್ತರ 2:
ಮೇಲಿನವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ನಟನಾಗಿ ಅವರ ಹರಹು ಚಿಕ್ಕದು. ಬಾಯಲ್ಲೊಂದು ಚುಟ್ಟ, ಸೋಲರಿಯದ ನಡಿಗೆ, ಅಷ್ಟೇ. ತಾನು ಸಾಯಬಾರದು, ಹೊಡೆದಾಟದಲ್ಲಿ ಗೆಲ್ಲಬೇಕು, ಕೊನೆಗೆ ನಾಯಕಿ ತನಗೇ ಸಿಗಬೇಕು ಎಂಬ ಮೂರು ಷರತ್ತುಗಳನ್ನು ಅವರು ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಕೇಳಿದರೆ ನಗು ಬರುತ್ತದೆ, ನಿಜ. ಆದರೆ ಕರಿಯ ನಟರಿಗೆ ಸೇವಕನ ಪಾತ್ರವನ್ನೋ, ಕಥೆಯ ನಡುವೆಯೇ ಸಾಯುವ ಪಾತ್ರವನ್ನೋ ಕೊಡುತ್ತಿದ್ದ ಹಾಲಿವುಡ್‌ನಲ್ಲಿ ಅದು ಬರೀ ಜಂಬವಾಗಿರಲಿಲ್ಲ. ಆ ಷರತ್ತುಗಳನ್ನು ಇನ್ನೊಬ್ಬರಿಂದ ಕೇಳಿ ಪಡೆಯುವ ಗೋಜೇ ಬೇಡವೆಂಬಂತೆ ಅವರು ‘ಪೋ ಬಾಯ್’ ಎಂಬ ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿ, ಕಡಿಮೆ ಬಂಡವಾಳದಲ್ಲಿ ಚಿತ್ರ ತೆಗೆಯುತ್ತ ಹೋದರು. ಚಿತ್ರಗಳ ಗುಣಮಟ್ಟ ಏರುಪೇರಾಗಿದೆ, ಕೆಲವಂತೂ ಅವಸರದ ಅಡುಗೆ. ಆದರೂ ನಿಮ್ಮ ಪ್ರಶ್ನೆಗೆ ಉತ್ತರ ಆ ಸಂಸ್ಥೆಯಲ್ಲಿದೆ ಎಂದು ನನಗನಿಸುತ್ತದೆ.

ಉತ್ತರ 3:
ಇವರಂತೆಯೇ ಫುಟ್‌ಬಾಲ್‌ನಿಂದ ಸಿನಿಮಾಕ್ಕೆ ಬಂದ ಜಿಮ್ ಬ್ರೌನ್ ಅವರೊಡನೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಆಟಗಾರರಾಗಿ ಬ್ರೌನ್ ಎಷ್ಟೋ ದೊಡ್ಡವರು. 1966ರಲ್ಲಿ ಚಿತ್ರೀಕರಣದ ನಡುವೆಯೇ ಆಟಕ್ಕೆ ವಿದಾಯ ಹೇಳಿದರು. ಆದರೆ ಸಿನಿಮಾದಲ್ಲಿ ಅವರನ್ನು ನೆನೆಯುವುದು ಮುಖ್ಯವಾಗಿ ನಟರೆಂದೇ. ವಿಲಿಯಮ್ಸನ್ 1996ರಲ್ಲಿ, ಇಂಡಿಯಾನಾ ರಾಜ್ಯದ ತಮ್ಮ ಹುಟ್ಟೂರು ಗ್ಯಾರಿಯಲ್ಲೇ ‘ಒರಿಜಿನಲ್ ಗ್ಯಾಂಗ್‌ಸ್ಟಾಸ್’ ಚಿತ್ರ ನಿರ್ಮಿಸಿದಾಗ, ನಿರ್ದೇಶನವನ್ನು ಲ್ಯಾರಿ ಕೋಹೆನ್‌ಗೆ ಒಪ್ಪಿಸಿ, ತಮ್ಮೊಂದಿಗೆ ನಟಿಸಲು ಅದೇ ಬ್ರೌನ್ ಅವರನ್ನು ಕರೆತಂದರು.

ಪ್ರಶ್ನೆ ಕೇಳಿದವರಿಂದ:
ಧನ್ಯವಾದಗಳು. ಆ ಮೂರು ಷರತ್ತುಗಳ ಸಂಗತಿ ನನಗೆ ಗೊತ್ತಿರಲಿಲ್ಲ. ಗ್ಯಾರಿಯ ಚಿತ್ರದಿಂದಲೇ ನೋಡಲು ಆರಂಭಿಸುತ್ತೇನೆ.