ಬಟನ್ ಹ್ಯಾಂಡ್ ಬ್ರೇಕ್ ಇರುವ ಕಾರಿಗೆ ಹಿಂದಿನ ಪ್ಯಾಡ್: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹಾಸನದಿಂದ): ನಮಸ್ಕಾರ ಸಾರ್. ನನ್ನದು 2020ರ ಕ್ರೆಟಾ, ಆಟೋಮ್ಯಾಟಿಕ್. ಹ್ಯಾಂಡ್ ಬ್ರೇಕಿಗೆ ಲಿವರ್ ಇಲ್ಲ, ಬಟನ್ ಇದೆ. 62 ಸಾವಿರ ಕಿ.ಮೀ. ಓಡಿದೆ. ಬ್ರೇಕ್ ಹಿಡಿದರೆ ಹಿಂದಿನ ಎಡಗಡೆ ಚಕ್ರ ಕಿರ್ರ್ ಅನ್ನುತ್ತದೆ. ಪರಿಚಯದ ಗ್ಯಾರೇಜಿನವರು ಪ್ಯಾಡ್ ಮುಗಿದಿದೆ, ಸಿ ಕ್ಲ್ಯಾಂಪ್ (ತಿರುಗಿಸಿ ಬಿಗಿ ಮಾಡುವ ಸಾಧನ) ಹಾಕಿ, ಪ್ಯಾಡ್ ಒತ್ತುವ ಪಿಸ್ಟನ್ ಒಳಗೆ ತಳ್ಳಿ ಅರ್ಧ ಗಂಟೇಲಿ ಹಾಕಿಕೊಡ್ತೀನಿ ಅಂದರು. ಹಳೇ ಕಾರಿಗೆ ಮುಂದಿನ ಪ್ಯಾಡ್ ನಾನೇ ಹಾಕಿಕೊಂಡಿದ್ದೆ. ಇದನ್ನೂ ಮನೇಲೇ ಮಾಡಬಹುದಾ? ಮುಂದಿನ ಪ್ಯಾಡ್ ಇನ್ನೂ ಗಟ್ಟಿಯಾಗಿದೆ. ಹಿಂದಿನದು ಮೊದಲು ಸವೆಯುವುದು ವಿಚಿತ್ರ ಅಲ್ವಾ?

ಉತ್ತರ: ನಮಸ್ಕಾರ. ಮೊದಲು ಆ ಕ್ಲ್ಯಾಂಪ್ ಪಕ್ಕಕ್ಕಿಡಲು ಹೇಳಿ. ನಿಮ್ಮ ಹಿಂದಿನ ಚಕ್ರದ ಕ್ಯಾಲಿಪರ್, ಅಂದರೆ ಡಿಸ್ಕಿಗೆ ಎರಡೂ ಕಡೆಯಿಂದ ಪ್ಯಾಡ್ ಒತ್ತುವ ಭಾಗ, ಅದರ ಬೆನ್ನಿಗೆ ಒಂದು ಪುಟ್ಟ ಮೋಟರ್ ಕೂತಿದೆ. ಬಟನ್ ಎಳೆದಾಗ ಅದು ಗೇರ್ ಮೂಲಕ ಒಂದು ಸ್ಕ್ರೂ ತಿರುಗಿಸಿ, ಅದರ ಮೇಲಿನ ನಟ್ಟನ್ನು ಪಿಸ್ಟನ್ ಒಳಗಿನಿಂದ ಮುಂದಕ್ಕೆ ಒತ್ತುತ್ತದೆ. ಬ್ರೇಕ್ ಬಿಟ್ಟಾಗ ನಟ್ ಸ್ವಲ್ಪವೇ ಹಿಂದೆ ಸರಿಯುತ್ತದೆ, ಪೂರ್ತಿ ಅಲ್ಲ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬರುತ್ತದೆ, ನಟ್ಟೂ ಅದರ ಬೆನ್ನಿಗೇ ಬರುತ್ತದೆ. ಈಗ ಕ್ಲ್ಯಾಂಪಲ್ಲಿ ತಳ್ಳಿದರೆ ಬಾಗಿಲ ಹಿಂದೆ ಆಳು ನಿಂತಿರುವಾಗ ಬಾಗಿಲು ನೂಕಿದ ಹಾಗೆ. ಸ್ಕ್ರೂ ಅಥವಾ ಗೇರ್ ಹಾಳಾಗುತ್ತದೆ. ಈ ಥರದ ಕಾರು ಹೊಸದಾಗಿ ಬಂದಾಗ ನಾನೂ ಒಂದು ಕ್ಯಾಲಿಪರ್ ಕೆಡಿಸಿ, ಕೈಯಿಂದ ದುಡ್ಡು ಕೊಟ್ಟಿದ್ದೇನೆ.

ಆ ನಟ್ಟನ್ನು ಪೂರ್ತಿ ಹಿಂದಕ್ಕೆ ಕರೆಸಬೇಕು. ಕಾರಿನ ಕಂಪ್ಯೂಟರ್‌ಗೆ ಜೋಡಿಸುವ ಸ್ಕ್ಯಾನರ್ ಹಾಕಿ ಪಾರ್ಕಿಂಗ್ ಬ್ರೇಕಿನ ಸರ್ವಿಸ್ ಮೋಡ್‌ಗೆ ಹೋದರೆ ಮೋಟರೇ ಆ ಕೆಲಸ ಮಾಡುತ್ತದೆ. ಆಮೇಲೆ ಪಿಸ್ಟನ್ ನೇರವಾಗಿ ಒಳಗೆ ಹೋಗುತ್ತದೆ, ಲಿವರ್ ಕಾರುಗಳ ಹಾಗೆ ತಿರುಗಿಸುತ್ತಾ ತಳ್ಳಬೇಕಾಗಿಲ್ಲ. ಎಂಜಿನ್ ಲೈಟಿನ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಸಾಲದು. ಗ್ಯಾರೇಜಿನವರ ಹತ್ತಿರ ಅದೊಂದನ್ನೇ ಕೇಳಿ: ‘ನಿಮ್ಮ ಸ್ಕ್ಯಾನರ್‌ನಲ್ಲಿ ಈ ಮೋಡ್ ಇದೆಯಾ?’ ಇಲ್ಲ ಅಂದರೆ ಬೇರೆ ಕಡೆ ಹೋಗಿ.

ಮೋಡ್ ಹಾಕಿದ ಮೇಲೆ ಹ್ಯಾಂಡ್ ಬ್ರೇಕ್ ಇರುವುದಿಲ್ಲ, ನೆನಪಿರಲಿ. ಅದಕ್ಕೇ ಸಮತಟ್ಟು ಜಾಗ, ಗೇರ್ ಪಿಯಲ್ಲಿ, ಮುಂದಿನ ಚಕ್ರಗಳಿಗೆ ಕಲ್ಲು, ಕಾರಿನ ಕೆಳಗೆ ಸ್ಟ್ಯಾಂಡ್. ಬರೀ ಜಾಕ್ ನಂಬಬೇಡಿ. ಬ್ಯಾಟರಿ ವೀಕ್ ಇದ್ದರೆ ಚಾರ್ಜರ್ ಹಾಕಿಕೊಳ್ಳಿ, ಮಧ್ಯದಲ್ಲಿ ಕೈಕೊಟ್ಟರೆ ಮೋಟರ್ ಅರ್ಧಕ್ಕೇ ನಿಲ್ಲುತ್ತದೆ. ಕ್ಯಾಲಿಪರ್ ಬಿಚ್ಚಿರುವಾಗ ಮಕ್ಕಳು ಯಾರೂ ಬಟನ್ ಮುಟ್ಟದಂತೆ ನೋಡಿಕೊಳ್ಳಿ. ಪಿಸ್ಟನ್ ತಳ್ಳುವಾಗ ಬ್ರೇಕ್ ಆಯಿಲ್ ಡಬ್ಬದ ಮೇಲೂ ಕಣ್ಣಿರಲಿ. ಆಯಿಲ್ ಮೇಲಕ್ಕೆ ಬರುತ್ತದೆ, ಪೇಂಟ್ ಮೇಲೆ ಚೆಲ್ಲಿದರೆ ಪೇಂಟ್ ಹೋಯಿತು.

ಹಿಂದಿನದು ಮೊದಲು ಸವೆಯುವುದು ವಿಚಿತ್ರವೇನಲ್ಲ. ಈಗಿನ ಕಾರುಗಳಲ್ಲಿ ಮೆಲ್ಲಗೆ ಬ್ರೇಕ್ ಹಿಡಿದಾಗ ಹಿಂದಿನ ಚಕ್ರಕ್ಕೂ ಕಂಪ್ಯೂಟರ್ ಸಾಕಷ್ಟು ಕೆಲಸ ಹಂಚುತ್ತದೆ. ಹಿಂದಿನ ಪ್ಯಾಡ್ ಚಿಕ್ಕದು ಬೇರೆ. ಆದರೆ ಒಂದೇ ಚಕ್ರದಲ್ಲಿ ಸದ್ದು ಅಂದರೆ ನನಗೆ ಅನುಮಾನ. ಬಿಚ್ಚಿದಾಗ ಒಳಗಿನ ಪ್ಯಾಡ್, ಹೊರಗಿನ ಪ್ಯಾಡ್ ಪಕ್ಕಪಕ್ಕ ಇಟ್ಟು ನೋಡಿ.

ಪ್ರಶ್ನೆ (ಇನ್ನೊಬ್ಬರು): ಅಣ್ಣ, ಸ್ಕ್ಯಾನರ್ ಇಲ್ಲದೆ ಮೋಟರ್ ಬಿಚ್ಚಿ ಸ್ಕ್ರೂ ಕೈಯಲ್ಲೇ ತಿರುಗಿಸೋದನ್ನ ವಿಡಿಯೋದಲ್ಲಿ ನೋಡಿದೆ. ನಡೆಯುತ್ತಾ?

ಉತ್ತರ: ನಡೆಯುತ್ತೆ, ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ನಾವೂ ಮಾಡುತ್ತೇವೆ. ಆದರೆ ನಟ್ ಎಲ್ಲಿದೆ ಅಂತ ಕಾರಿನ ಕಂಪ್ಯೂಟರ್‌ಗೆ ಗೊತ್ತಾಗಲ್ಲ. ಕೆಲವು ಕಾರು ತಾನೇ ಸರಿಮಾಡಿಕೊಳ್ಳುತ್ತದೆ, ಕೆಲವು ವಾರ್ನಿಂಗ್ ಲೈಟ್ ಹಾಕಿಕೊಂಡು ಕೂರುತ್ತದೆ. ಮೋಟರಿಗೆ ನೇರ 12 ವೋಲ್ಟ್ ಕೊಡೋದಂತೂ ಬೇಡವೇ ಬೇಡ. ಕೆಲವು ಮಾಡೆಲ್‌ಗಳಲ್ಲಿ ಬ್ರೇಕ್ ಪೆಡಲ್, ಬಟನ್ ಒತ್ತಿಯೇ ಸರ್ವಿಸ್ ಮೋಡ್‌ಗೆ ಹೋಗಬಹುದು. ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿ ಇದ್ದರೆ ಮಾತ್ರ ಮಾಡಿ.

ಹಾಸನದವರು: ಸಾರ್, ಸ್ಕ್ಯಾನರ್ ಇರುವ ಕಡೆ ಇವತ್ತು ಹಾಕಿಸಿದೆ. ಎಡಗಡೆ ಒಳಗಿನ ಪ್ಯಾಡ್ ಕಾಗದದಷ್ಟು ಉಳಿದಿತ್ತು, ಹೊರಗಿನದು ಅರ್ಧಕ್ಕರ್ಧ ಇತ್ತು!

ಉತ್ತರ: ಅಂದುಕೊಂಡೆ. ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿರುತ್ತದೆ, ಹೊರಗಿನ ಪ್ಯಾಡ್ ಸರಿಯಾಗಿ ಒತ್ತುವುದಿಲ್ಲ. ಪಿನ್ ಕ್ಲೀನ್ ಮಾಡಿ ಬ್ರೇಕ್ ಗ್ರೀಸ್ ಹಚ್ಚಿದರಾ? ಇಲ್ಲದಿದ್ದರೆ ಹೊಸ ಪ್ಯಾಡೂ ಹೀಗೇ ಹೋಗುತ್ತದೆ. ಬಲಗಡೆಯದನ್ನೂ ಬದಲಿಸಿದ್ದಾರೆ ತಾನೇ?

ಹಾಸನದವರು: ಎರಡೂ ಕಡೆ ಹಾಕಿದ್ದಾರೆ. ಪಿನ್‌ಗೆ ಗ್ರೀಸ್ ಆಗಿದೆ. ಪೆಡಲ್ ನಾಲ್ಕೈದು ಸಲ ಒತ್ತಿ ಗಟ್ಟಿಯಾದ ಮೇಲೆ ಮೋಡ್ ತೆಗೆದರು. ನಾಳೆ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗಬೇಕು.

ಉತ್ತರ: ನಾಳೆನೇ ಘಾಟಾ? ಸಾಧ್ಯವಾದರೆ ಒಂದು ವಾರ ಮುಂದಕ್ಕೆ ಹಾಕಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಇನ್ನೂರು ಮುನ್ನೂರು ಕಿ.ಮೀ. ಬೇಕು. ಹೋಗಲೇಬೇಕು ಅಂದರೆ ಇವತ್ತು ಸಂಜೆ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಹತ್ತಿಪ್ಪತ್ತು ಸಲ ಬ್ರೇಕ್ ಹಿಡಿದು ನೋಡಿ. ನಾಳೆ ಇಳಿಜಾರಿನಲ್ಲಿ ಚಿಕ್ಕ ಗೇರಲ್ಲೇ ಇಳಿಯಿರಿ.