ದಾನದ ಮಿದುಳಿನ ಅಂಗಾಂಶ: ಎಥಿಕ್ಸ್ ಅರ್ಜಿಗೆ ಏನೇನು ಬೇಕು?

ಪ್ರಶ್ನೆ: ಅಲ್ಝೈಮರ್ ಅಧ್ಯಯನಕ್ಕೆ ಬ್ರೈನ್ ಬ್ಯಾಂಕಿನಿಂದ ಅಂಗಾಂಶ ತರಿಸುವವರಿದ್ದೇವೆ, ಆರ್‌ಎನ್‌ಎ ಸೀಕ್ವೆನ್ಸಿಂಗ್ (ಯಾವ ಜೀನ್ ಎಷ್ಟು ಸಕ್ರಿಯ ಎಂದು ತಿಳಿಯುವ ಪರೀಕ್ಷೆ) ಮಾಡಬೇಕಿದೆ. ದಾನಿಗಳ ಒಪ್ಪಿಗೆ ಇದೆ, ಬ್ಯಾಂಕಿಗೂ ಅನುಮತಿ ಇದೆ. ನಾವು ಮತ್ತೆ ಎಥಿಕ್ಸ್ ಕಮಿಟಿಗೆ (ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿ) ಹೋಗಬೇಕೆ? ತಿಳಿದವರು ಹೇಳಿ.

ಉತ್ತರ 1: ಹೋಗಿ. ಕೆಲವೆಡೆ ಬ್ಯಾಂಕಿನ ಅನುಮತಿಯ ಅಡಿಯಲ್ಲೇ ಯೋಜನೆ ನಡೆಸಬಹುದು, ಆದರೆ ಅದನ್ನು ತೀರ್ಮಾನಿಸುವುದು ಕಮಿಟಿ, ನೀವಲ್ಲ. ವಿನಾಯಿತಿ ಸಿಕ್ಕರೆ ಬರಹದಲ್ಲಿ ಪಡೆಯಿರಿ. ಪ್ರಬಂಧ ಕಳಿಸುವಾಗ ಜರ್ನಲ್‌ನವರು ಅನುಮತಿ ಸಂಖ್ಯೆ ಕೇಳುತ್ತಾರೆ. ಕೆಲಸ ಮುಗಿಸಿ ಅರ್ಜಿ ಹಾಕಿದರೆ ಆಗದು.

ಉತ್ತರ 2: ‘ಒಪ್ಪಿಗೆ ಇದೆ’ ಅಂದರೆ ಸಾಲದು, ಯಾವುದಕ್ಕೆ ಇದೆ ನೋಡಿ. ನಿಮ್ಮ ದಾನಿಗಳು ಸಹಿ ಹಾಕಿದ ಆವೃತ್ತಿಯದೇ ಖಾಲಿ ನಮೂನೆ ತರಿಸಿಕೊಳ್ಳಿ. ವಂಶವಾಹಿ ಪರೀಕ್ಷೆ, ವೈದ್ಯಕೀಯ ದಾಖಲೆಯ ಬಳಕೆ, ಹೊರದೇಶಕ್ಕೆ ರವಾನೆ, ಕಂಪನಿಗಳ ಜೊತೆ ಹಂಚಿಕೆ ಇವುಗಳ ಬಗ್ಗೆ ಅದರಲ್ಲಿ ಏನಿದೆ ಓದಿ. ಹಳೆಯ ನಮೂನೆಗಳಲ್ಲಿ ವಂಶವಾಹಿಯ ಮಾತೇ ಇಲ್ಲದಿರಬಹುದು. ಆರ್‌ಎನ್‌ಎ ಅಷ್ಟೇ ತಾನೆ ಎಂಬ ವಾದ ನಿಲ್ಲುವುದಿಲ್ಲ: ಆ ದತ್ತಾಂಶದಲ್ಲೂ ವ್ಯಕ್ತಿಯ ಜೀನ್ ವ್ಯತ್ಯಾಸಗಳು ಕಾಣುತ್ತವೆ. ಹಾಗಾಗಿ ಕಚ್ಚಾ ದತ್ತಾಂಶವನ್ನು ಎಲ್ಲರಿಗೂ ತೆರೆದಿಡದೆ, ಅರ್ಜಿ ಪರಿಶೀಲಿಸಿ ಕೊಡುವ ಭಂಡಾರದಲ್ಲಿ ಇಡುತ್ತೇವೆಂದು ಬರೆಯಿರಿ.

ದಾನಿ ತೀರಿಕೊಂಡಿದ್ದಾರೆ, ಅವರ ಮಕ್ಕಳು ಬದುಕಿದ್ದಾರೆ. ಆನುವಂಶಿಕ ಅಲ್ಝೈಮರ್‌ಗೆ ಸಂಬಂಧಿಸಿದ ಪಿಎಸ್‌ಇಎನ್1 ಜೀನಿನಲ್ಲಿ ರೋಗಕಾರಕ ಮ್ಯುಟೇಶನ್ (ಬದಲಾವಣೆ) ಸಿಕ್ಕರೆ ಪ್ರತಿಯೊಬ್ಬ ಮಗುವಿಗೂ ಅದು ಬಂದಿರುವ ಸಾಧ್ಯತೆ ಶೇ. 50. ಕುಟುಂಬವನ್ನು ನೀವಾಗಿ ಸಂಪರ್ಕಿಸಕೂಡದು. ಬ್ಯಾಂಕಿಗೆ ತಿಳಿಸುವುದೋ ಇಲ್ಲವೋ, ಕ್ಲಿನಿಕಲ್ ಲ್ಯಾಬಿನಲ್ಲಿ ದೃಢಪಡಿಸುವವರು ಯಾರು ಎಂಬುದನ್ನು ಅರ್ಜಿಯಲ್ಲೇ ಹೇಳಿಬಿಡಿ. ಕಮಿಟಿಯವರು ಹೆಚ್ಚು ಹೊತ್ತು ಕೂರುವುದು ಇಲ್ಲೇ, ಕೂರಬೇಕಾದದ್ದೂ ಇಲ್ಲೇ.

ಉತ್ತರ 3: ಸಹಿ ಯಾರದು ಎಂಬುದೂ ಮುಖ್ಯ. ಮರೆವಿನ ಕಾಯಿಲೆ ಬಲಿತ ಮೇಲೆ ಹಾಕಿದ ಸಹಿಯಾದರೆ, ಅರ್ಥ ಮಾಡಿಕೊಂಡು ಒಪ್ಪುವ ಸಾಮರ್ಥ್ಯ ಆಗ ಇತ್ತೆ ಎಂಬ ದಾಖಲೆ ಬ್ಯಾಂಕಿನಲ್ಲಿರಬೇಕು. ಸಾವಿನ ನಂತರ ಬಂಧುಗಳು ಕೊಟ್ಟ ಒಪ್ಪಿಗೆಯಾದರೆ, ಕಾನೂನಿನ ಪ್ರಕಾರ ಆ ಹಕ್ಕು ಯಾರದು ನೋಡಿ.

ಉತ್ತರ 4: ‘ಹಿಪೊಕ್ಯಾಂಪಸ್ ಬೇಕು’ ಎಂದಷ್ಟೇ ಬ್ಯಾಂಕಿಗೆ ಬರೆದರೆ ಅರ್ಜಿ ವಾಪಸ್ ಬರುತ್ತದೆ. ಅದು ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಚಿಕ್ಕ ಭಾಗ, ಎಲ್ಲರೂ ಕೇಳುವಂಥದ್ದು. ಯಾವ ಭಾಗ, ಎಷ್ಟು ಮಿಲಿಗ್ರಾಂ, ಎಷ್ಟು ದಾನಿಗಳು, ಆ ಸಂಖ್ಯೆಗೆ ಲೆಕ್ಕಾಚಾರ ಏನು, ಎಲ್ಲ ಕೊಡಿ. ಆರ್‌ಎನ್‌ಎಗೆ ಮೈನಸ್ 80 ಡಿಗ್ರಿಯಲ್ಲಿಟ್ಟ ಅಂಗಾಂಶ ಕೇಳಿ. ಫಾರ್ಮಲಿನ್ ದ್ರಾವಣದಲ್ಲಿಟ್ಟ ಅಂಗಾಂಶದಲ್ಲಿ ಆರ್‌ಎನ್‌ಎ ತುಂಡಾಗಿರುತ್ತದೆ. ಸಾವಿನಿಂದ ಸಂಗ್ರಹದವರೆಗಿನ ಗಂಟೆಗಳು, ಅಂಗಾಂಶದ ಪಿಎಚ್ (ಆಮ್ಲೀಯತೆ), ಆರ್‌ಐಎನ್ ಅಂಕ (ಆರ್‌ಎನ್‌ಎ ಎಷ್ಟು ಹಾಳಾಗದೆ ಉಳಿದಿದೆ ಎಂಬ ಅಳತೆ) ಮೊದಲೇ ಕೇಳಿ. ಗುಣಮಟ್ಟ ನೋಡದೆ ತರಿಸಿ ಹಾಳುಮಾಡಿದರೆ ಒಬ್ಬರ ದಾನವೇ ವ್ಯರ್ಥ.

ಎಂಟಿಎ (ಅಂಗಾಂಶದಂಥ ಸಾಮಗ್ರಿಯ ಹಸ್ತಾಂತರ) ಒಪ್ಪಂದವನ್ನು ಎಥಿಕ್ಸ್ ಅರ್ಜಿಯ ಜೊತೆಜೊತೆಗೇ ಶುರುಮಾಡಿ. ಉಳಿದ ತುಣುಕನ್ನು ಪಕ್ಕದ ಲ್ಯಾಬಿಗೆ ಕೊಡುವಂತಿಲ್ಲ. ಬ್ಯಾಂಕಿಗೆ ಹಿಂತಿರುಗಿಸಬೇಕೋ ನಾಶ ಮಾಡಬೇಕೋ ಒಪ್ಪಂದದಲ್ಲಿರುತ್ತದೆ. ಅಂಗಾಂಶದಿಂದ ಕತ್ತರಿಸಿದ ಪ್ರತಿ ತೆಳು ಸೆಕ್ಷನ್ನಿಗೂ ಬ್ಯಾಂಕಿನ ಕೋಡ್ ಹಾಕಿ ರಿಜಿಸ್ಟರಿನಲ್ಲಿ ಬರೆದಿಡಿ, ಒಪ್ಪಿಗೆ ಹಿಂದೆಗೆದುಕೊಂಡ ಸುದ್ದಿ ಬಂದರೆ ಅದೇ ದಿನ ಹುಡುಕಿ ತೆಗೆಯುವಂತಿರಬೇಕು.